ಬೆರಳು ಕಾಣಬೇಕು

ನನ್ನ ಮಗಳು ಹುಟ್ಟಿದಾಗ ಅವಳ ಬಲಪಾದ ಒಳಕ್ಕೆ ತಿರುಗಿಕೊಂಡಿತ್ತು, ಯಾರೋ ಅವಸರದಲ್ಲಿ ಮಡಚಿಟ್ಟು ಮರೆತುಹೋದ ಹಾಗೆ. ಹನ್ನೆರಡನೆಯ ದಿನದಿಂದ ಪ್ರತಿ ಗುರುವಾರ ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಯ ನೆಲಮಹಡಿಯ ಪ್ಲಾಸ್ಟರ್ ಕೋಣೆಗೆ ಹೋಗತೊಡಗಿದೆ. ಹಳೆಯ ಪ್ಲಾಸ್ಟರ್ ಬಿಚ್ಚುವುದು, ಪಾದವನ್ನು ಮೆಲ್ಲಗೆ ಇನ್ನೊಂದಿಷ್ಟು ನೇರಕ್ಕೆ ತರುವುದು, ಅದು ಅಲ್ಲೇ ನಿಲ್ಲುವಂತೆ ಹೊಸದು ಹಾಕುವುದು. ಹೀಗೆ ಆರೇಳು ವಾರ. "ಸರಿಯಾಗಿ ಆದ್ರೆ ಎಲ್ಲರ ಹಾಗೆ ನಡೀತಾಳೆ, ಓಡ್ತಾಳೆ" ಎಂದಿದ್ದರು ಡಾಕ್ಟ್ರಮ್ಮ. ನಾನು ಅದರಲ್ಲಿ 'ಸರಿಯಾಗಿ ಆದ್ರೆ' ಎಂಬುದನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದಿದ್ದೆ.

ಆ ಕೋಣೆಯ ಒಡೆಯ ಮೇಸ್ತ್ರಿ. ಅಂಗಿಯ ಮೇಲಿನ ಬಿಲ್ಲೆಯಲ್ಲಿ ಅವರ ಹೆಸರೇನೋ ಇತ್ತು. ಆದರೆ ಬಿಲ್ಲೆಗೆ ಸದಾ ಪ್ಲಾಸ್ಟರ್ ಮೆತ್ತಿಕೊಂಡಿರುತ್ತಿದ್ದುದರಿಂದ ಓದಿದವರಿಲ್ಲ. ಐವತ್ತು ದಾಟಿದ ವಯಸ್ಸು, ಗಿಡ್ಡ ಆಳು, ಮೊಣಕೈವರೆಗೂ ಬಿಳುಪು, ಹುಬ್ಬಿನ ಮೇಲೂ ಒಂದೆರಡು ಚುಕ್ಕೆ. ಇಲ್ಲಿಗೆ ಸೇರುವ ಮೊದಲು ಮನೆಗಳಿಗೆ ಪ್ಲಾಸ್ಟರಿನ ಹೂಬಳ್ಳಿ ಬಿಡಿಸಿ ಒಳಸೂರು, ಅಂದರೆ ಫಾಲ್ಸ್ ಸೀಲಿಂಗ್, ಮಾಡುತ್ತಿದ್ದವರಂತೆ. ಆ ಹೆಸರು ಅಲ್ಲಿಂದ ಬಂದದ್ದು.

"ಆಗ ಮನೆಗೆ ಹಾಕ್ತಿದ್ದೆ, ಈಗ ಮನುಷ್ಯರಿಗೆ ಹಾಕ್ತೀನಿ" ಎನ್ನುತ್ತಿದ್ದರು. "ಸೂರು ಅಳ್ತಿರ್ಲಿಲ್ಲ. ಅಷ್ಟೇ ವ್ಯತ್ಯಾಸ."

ಮೊದಲ ಗುರುವಾರ ನಾನು ಒಂದು ಪುಸ್ತಕದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಚರ್ಮ ಉಸಿರಾಡುತ್ತದೆಯೇ? ಸೆಕೆಗೆ ಒಳಗೆ ಬೊಬ್ಬೆ ಎದ್ದರೆ? ತುರಿಕೆಯಾದರೆ ಮಗು ಹೇಗೆ ಹೇಳಬೇಕು? ಹದಿನೇಳನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಮೇಸ್ತ್ರಿ ಬಕೆಟ್ಟಿನಿಂದ ಕೈ ತೆಗೆದು ನನ್ನನ್ನು ನೋಡಿದರು.

"ತಾಯಿ, ನೀವು ಮಗೂನ ಕರ್ಕೊಂಡು ಬಂದಿದ್ದೀರೋ, ಪರೀಕ್ಷೆ ತಗೊಳ್ಳೋಕೆ ಬಂದಿದ್ದೀರೋ?"

ಅಂದಿನಿಂದ ಆ ಕೋಣೆಯಲ್ಲಿ ನನ್ನ ಹೆಸರು ಪ್ರಶ್ನೆಪತ್ರಿಕೆ. ಮೊದಮೊದಲು ಸಿಟ್ಟು ಬಂತು. ಆಮೇಲೆ ಅವರ ಕೈ ನೋಡುತ್ತಾ ಸಿಟ್ಟು ಮರೆತೆ. ಮಗು ಬಾಟಲಿಯ ಹಾಲು ಕುಡಿಯುತ್ತಿರುವಾಗಲೇ ಕೆಲಸ ಮುಗಿಯಬೇಕು. ಡಾಕ್ಟ್ರಮ್ಮ ಪಾದವನ್ನು ಬೇಕಾದ ಕಡೆಗೆ ಹಿಡಿದುಕೊಳ್ಳುತ್ತಾರೆ. ಮೇಸ್ತ್ರಿ ತೆಳುವಾಗಿ ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿಯನ್ನು ನೀರಿಗಿಳಿಸಿ, ಗುಳ್ಳೆ ನಿಲ್ಲುವ ತನಕ ಕಾದು, ಹಿಂಡಿ, ಡಾಕ್ಟ್ರಮ್ಮನ ಬೆರಳುಗಳ ಸಂದಿಯಲ್ಲಿ ಹಾವಿನಂತೆ ನುಸುಳಿಸಿಕೊಂಡು ಸುತ್ತುತ್ತಾರೆ. ಮಗುವಿಗೆ ಹಾಲಿನ ರುಚಿ ಬಿಟ್ಟು ಇನ್ನೇನೂ ಗೊತ್ತಾಗುವುದಿಲ್ಲ. ಕೊನೆಗೆ ಬೆರಳುಗಳ ಸುತ್ತ ಅಂಚನ್ನು ಮಡಚಿ, ಒಂದೊಂದನ್ನೇ ಮುಟ್ಟಿ, "ಬೆರಳು ಕಾಣಬೇಕು" ಎನ್ನುತ್ತಾರೆ. ಪ್ಲಾಸ್ಟರ್ ಜಾರಿದರೆ ಬೆರಳು ಒಳಗೆ ಹೋಗುತ್ತದೆ. ಬೆರಳು ಒಳಗೆ ಹೋದರೆ ಒಳಗೆ ಪಾದ ಸೊಟ್ಟಗೆ ಒತ್ತಿಕೊಂಡು ಊದಿಕೊಳ್ಳುತ್ತದೆ; ಆಗ ಮೊದಲಿಗಿಂತ ಕೆಟ್ಟ ಪಾದ. ಹಾಗಾದರೆ ಒಂದು ಗಳಿಗೆಯೂ ಕಾಯದೆ ಬರಬೇಕು.

ನಾನು ಪ್ರತಿ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡತೊಡಗಿದೆ: ಐದು. ಗುಲಾಬಿ. ಬೆಚ್ಚಗಿದೆ.

'ಬೆರಳು ಕಾಣಬೇಕು' ಎಂಬುದು ಮೇಸ್ತ್ರಿಯ ಸ್ವಂತ ಮಾತಲ್ಲವೆಂದು ತಿಳಿದದ್ದು ಹೊರಗಿನ ಬೆಂಚಿನಲ್ಲಿ. ಅದು 'ಒಂಬತ್ತನೇ ವಾರ್ಡು' ಎಂಬ ಹಳೆಯ ಆಸ್ಪತ್ರೆ ಸೀರಿಯಲ್ಲಿನದು. ಅದು ಮುಗಿದು ಇಪ್ಪತ್ತು ವರ್ಷವಾಗಿತ್ತು. ಈಗ ಅದೇ ಆಸ್ಪತ್ರೆಯ ಕಥೆ 'ಮುಂದಿನ ಪಾಳಿ' ಎಂಬ ಹೆಸರಿನಲ್ಲಿ ಪ್ರತಿ ಬುಧವಾರ ಸಂಜೆ ಬರುತ್ತಿತ್ತು. ಹಳೆಯದರಲ್ಲಿ ಎಂದೂ ನಗದಿದ್ದ ಹೆಡ್ ನರ್ಸಿನ ಮಗಳು ಇದರಲ್ಲಿ ಡಾಕ್ಟರು. ಬುಧವಾರ ಸೀರಿಯಲ್, ಗುರುವಾರ ಪ್ಲಾಸ್ಟರ್. ಬೆಂಚಿನ ಮೇಲೆ ಕುಳಿತವರಿಗೆ ಬೇರೆ ಮಾತೇ ಇರಲಿಲ್ಲ.

ಮೊಮ್ಮಗನ ಎರಡೂ ಪಾದಕ್ಕೆ ಪ್ಲಾಸ್ಟರ್ ಹಾಕಿಸಲು ಬರುತ್ತಿದ್ದ ಅಜ್ಜಿಯೊಬ್ಬರು ಹಳೆಯದರ ಪಕ್ಷ. ಬಸ್ ಕಂಡಕ್ಟರ್ ಕೆಲಸದಲ್ಲಿದ್ದ ಇನ್ನೊಬ್ಬ ತಾಯಿ ಹೊಸದರ ಪಕ್ಷ. ಕೋಣೆಯ ಬಾಗಿಲು ತೆರೆದೇ ಇರುತ್ತಿದ್ದುದರಿಂದ ಒಳಗಿನಿಂದ ಮೇಸ್ತ್ರಿಯೂ ಸೇರಿಕೊಳ್ಳುತ್ತಿದ್ದರು.

"ಹಳೇದ್ರಲ್ಲಿ ಒಬ್ಬ ರೋಗಿ ಸಾಯೋಕೆ ಮೂರು ವಾರ ತಗೋತಿದ್ದ ಅಜ್ಜಿ" ಎಂದಳು ಕಂಡಕ್ಟರ್. "ನಮ್ಮ ಬಸ್ಸೇ ವಾಸಿ, ಬೇಗ ಮುಟ್ಟಿಸ್ತೀವಿ."

"ಸಾಯೋಕೂ ಒಂದು ಮರ್ಯಾದೆ ಇತ್ತು ಕಣೇ ಆಗ. ಈಗ ನೋಡು, ಡಾಕ್ಟರುಗಳು ಓಡ್ತಾನೇ ಇರ್ತಾರೆ. ಎಲ್ಲಿಗೆ ಅಂತ ನೋಡಿದ್ರೆ ಲಿಫ್ಟ್ ಹತ್ರ ನಿಂತು ಪ್ರೀತಿ ಮಾಡೋಕೆ!"

"ಪ್ರೀತಿ ಮಾಡ್ಲಿ, ಬೇಡ ಅನ್ನಲ್ಲ" ಎಂದು ಒಳಗಿನಿಂದ ಮೇಸ್ತ್ರಿ. "ನಿನ್ನೆ ಆ ಮಗೂಗೆ ಹಾಕಿದ ಪ್ಲಾಸ್ಟರ್ ನೋಡಿದ್ರಾ? ಕಾಲುಚೀಲ ತೊಡಿಸಿದ ಹಾಗೆ ಬೆರಳನ್ನೂ ಮುಚ್ಚಿಬಿಟ್ಟಿದ್ದಾರೆ! ಅದನ್ನ ಹಾಕಿದವನ ಮೂಗು ಬಾಯಿಗೂ ಒಂದು ಸುತ್ತು ಹಾಕ್ಬೇಕು."

ಹಳೆಯದರಲ್ಲಿ ಒಬ್ಬ ಪ್ಲಾಸ್ಟರಿನವನಿದ್ದನಂತೆ. ವಾರಕ್ಕೆ ಅರ್ಧ ನಿಮಿಷ ಬರುವುದು, ಕೆಲಸ ಮುಗಿಸಿ "ಬೆರಳು ಕಾಣಬೇಕು" ಎಂದು ಹೋಗುವುದು. ಅಷ್ಟೇ ಪಾತ್ರ. ಆ ಕಾಲದಲ್ಲಿ ಮೇಸ್ತ್ರಿ ಇದೇ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ ಕೋಣೆಗೆ ಒಳಸೂರು ಹಾಕುತ್ತಿದ್ದರು. ಸಂಜೆ ಸೀರಿಯಲ್ಲಿನ ಪ್ಲಾಸ್ಟರಿನವನನ್ನು ನೋಡುವುದು, ಹಗಲು ಊಟದ ಹೊತ್ತಿನಲ್ಲಿ ನಿಜವಾದ ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು ನೋಡುವುದು. ಸೂರು ಮುಗಿದ ದಿನ ಕೂಲಿ ತೆಗೆದುಕೊಳ್ಳಲು ಹೋದವರು ಕೆಲಸ ಕೇಳಿಕೊಂಡು ಬಂದರು. ಸಂಬಳ ಅರ್ಧಕ್ಕರ್ಧ ಕಡಿಮೆ. ಅವರ ತಾಯಿ ಮೂರು ದಿನ ಮಾತು ಬಿಟ್ಟರಂತೆ.

"ಎಲ್ಲರೂ ಆ ಸೀರಿಯಲ್ ನೋಡಿ ಡಾಕ್ಟರಾಗ್ಬೇಕು ಅಂದ್ಕೊಂಡ್ರು" ಎಂದರು ಒಮ್ಮೆ. "ನಾನೊಬ್ಬನೇ ಇರ್ಬೇಕು, ಅದನ್ನ ನೋಡಿ ಪ್ಲಾಸ್ಟರಿನವನಾದೋನು."

ಹೊಸ ಸೀರಿಯಲ್ಲಿನಲ್ಲಿ ಆ ಪಾತ್ರವನ್ನು ತೆಗೆದುಹಾಕಿದ್ದರು. ಅದು ಮೇಸ್ತ್ರಿಗೆ ಹೊಟ್ಟೆಯಲ್ಲಿ ಕೂತ ಮುಳ್ಳು.

ನಾಲ್ಕನೆಯ ಗುರುವಾರ ಆ ಮುಳ್ಳನ್ನು ಕೆದಕಿದವಳು ನಾನೇ. ಮಂಡಿಯ ಕೆಳಗಿನ ಪ್ಲಾಸ್ಟರ್ ಗಟ್ಟಿಯಾಗಿತ್ತು. ಡಾಕ್ಟ್ರಮ್ಮ ಮೇಲಿನ ಮಹಡಿಯಿಂದ ಕರೆ ಬಂದು ಹೋಗಿದ್ದರು. ಇನ್ನು ಮಂಡಿ ಮಡಚಿಸಿ ತೊಡೆಯವರೆಗೆ ಸುತ್ತುವ ಕೆಲಸ ಮೇಸ್ತ್ರಿಯೊಬ್ಬರದೇ. ಹೊರಗೆ ಅಜ್ಜಿ, ಕಂಡಕ್ಟರ್ ಜಗಳ ಕಾವೇರಿತ್ತು. ನಾನು ಸುಮ್ಮನಿರಬಾರದೆ?

"ಹೊಸದ್ರಲ್ಲಿ ತಾಯಿ ಡಾಕ್ಟರ್ ಎದುರು ನಿಂತು ಪ್ರಶ್ನೆ ಕೇಳ್ತಾಳೆ ಮೇಸ್ತ್ರಿ. ನಿಮ್ಮ ಹಳೇದ್ರಲ್ಲಿ ತಾಯಂದಿರು ಬಾಗಿಲ ಹೊರಗೆ ಬಾಯಿಗೆ ಕೈ ಇಟ್ಕೊಂಡು ಅಳೋದು ಬಿಟ್ರೆ ಏನು ಮಾಡ್ತಿದ್ರು? ಆ ಪ್ಲಾಸ್ಟರಿನವನು ಇಲ್ದಿದ್ರೂ ಕಥೆ ನಡೀತಿತ್ತಲ್ವಾ?"

"ಹಾಗೆ ಹೇಳಿ ಮೇಡಂ!" ಎಂದಳು ಕಂಡಕ್ಟರ್. "ವಾರಕ್ಕೊಂದು ಮಾತು ಹೇಳೋಕೆ ಒಬ್ಬ ಮನುಷ್ಯನ ಟಿಕೆಟ್ ಯಾಕೆ ದಂಡ?"

ಮೇಸ್ತ್ರಿಯ ಮುಖ ಕೆಂಪಾಯಿತು. ಅವರು ಬಾಗಿಲ ಕಡೆ ತಿರುಗಿದರು. "ಡಾಕ್ಟರು ಮೂಳೆ ಕೂರಿಸಿ ಹೋಗ್ತಾರಮ್ಮ. ಅದನ್ನ ಕೂತಲ್ಲೇ ಇರೋ ಹಾಗೆ ಮಾಡೋನು ಯಾರು? ಇಡೀ ಕಥೇಲಿ ಒಂದು ಕೆಲಸಕ್ಕೆ ಬರೋ ಮಾತು ಇದ್ದಿದ್ದೇ ಅವನದು! ಮಿಕ್ಕಿದ್ದೆಲ್ಲ ಬರೀ ಕಣ್ಣೀರು!" ಮಾತು ನಡೆದೇ ಇತ್ತು. ಕೈಯೂ ನಡೆದೇ ಇತ್ತು, ತನ್ನಷ್ಟಕ್ಕೆ.

ಭಾನುವಾರ ಬೆಳಿಗ್ಗೆ ಮಗುವಿನ ಮೈ ಒರೆಸುತ್ತಿದ್ದೆ. ಕಿರುಬೆರಳು ಕಾಣಲಿಲ್ಲ. ಉಳಿದ ನಾಲ್ಕರ ಉಗುರುಗಳು ಮಾತ್ರ ಅಂಚಿನಿಂದ ಇಣುಕುತ್ತಿದ್ದವು.

"ನಿನಗೆ ದಿನಾ ಏನಾದ್ರೂ ಒಂದು ಕಾಣುತ್ತೆ" ಎಂದರು ನನ್ನ ಗಂಡ, ಹಲ್ಲುಜ್ಜುತ್ತಾ. ಅವರ ತಪ್ಪಿಲ್ಲ. ಹಿಂದಿನ ವಾರ ಪ್ಲಾಸ್ಟರಿನ ಮೇಲಿನ ಹಾಲಿನ ಕಲೆಯನ್ನು ಕೀವು ಎಂದುಕೊಂಡು ಎರಡು ಸಲ ಆಸ್ಪತ್ರೆಗೆ ಫೋನು ಮಾಡಿದವಳು ನಾನು. ಪುಸ್ತಕ ತೆರೆದು ಅವರ ಮುಂದೆ ಹಿಡಿದೆ. ಶುಕ್ರವಾರ: ಐದು. ಶನಿವಾರ: ಐದು, ಕಿರುಬೆರಳು ಅರ್ಧ. ಆ 'ಅರ್ಧ'ವನ್ನು ಶನಿವಾರ ನಾನೇ ಬರೆದಿದ್ದೆ. ಬರೆದು, ಎಲ್ಲರೂ ನಗುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಅವರು ಬಾಯಿ ಮುಕ್ಕಳಿಸದೆಯೇ ಗಾಡಿ ಬೀಗದ ಕೈ ತೆಗೆದುಕೊಂಡರು.

ಭಾನುವಾರ ಪ್ಲಾಸ್ಟರ್ ಕೋಣೆಗೆ ಬೀಗ. ಪಾಳಿಯಲ್ಲಿದ್ದ ನರ್ಸು ಫೋನು ಮಾಡಿದ್ದಕ್ಕೆ ಆಸ್ಪತ್ರೆಯ ಹಿಂಬದಿಯ ಸಿಬ್ಬಂದಿ ವಸತಿಯಿಂದ ಮೇಸ್ತ್ರಿ ಓಡಿಬಂದರು. ಒಂದು ಕೆನ್ನೆ ನುಣುಪು, ಇನ್ನೊಂದರ ಮೇಲೆ ಸೋಪಿನ ನೊರೆ. ಮಗುವಿನ ಕಾಲನ್ನು ನೋಡಿದರು. ಬೆಚ್ಚನೆಯ ನೀರಿನಲ್ಲಿ ಕಾಲು ಇಳಿಸಿ, ನೆನೆಸಿ, ಪಟ್ಟಿ ಪಟ್ಟಿಯಾಗಿ ಬಿಚ್ಚಿದರು. ಹಿಮ್ಮಡಿಯ ಮೇಲೆ ಕೆಂಪಗೆ ಒತ್ತಿದ ಗುರುತು. ಪಾದದ ಮೇಲುಭಾಗ ತುಸು ಊದಿತ್ತು.

ಅಷ್ಟರಲ್ಲಿ ವಾರ್ಡುಗಳನ್ನು ನೋಡಲು ಬಂದಿದ್ದ ಡಾಕ್ಟ್ರಮ್ಮ ಇಳಿದುಬಂದರು. ಪಾದವನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನತ್ತ ತಿರುಗಿದರು.

"ಹೇಗೆ ಜಾರ್ತು ಇದು? ಮನೇಲಿ ನೀರು ಬಿತ್ತಾ?"

ಬಿದ್ದಿರಬಹುದೇ? ಒರೆಸುವಾಗ? ನಿನ್ನೆ? ಮಗುವಿಗೆ ಏನಾದರೂ ಆದರೆ ಮೊದಲು ನನ್ನ ಕೈಯನ್ನೇ ಅನುಮಾನಿಸುವ ಅಭ್ಯಾಸ ನನಗೆ. "ಗೊತ್ತಿಲ್ಲ ಡಾಕ್ಟ್ರೇ, ಬಹುಶಃ ನಾನು..." ಎಂದು ಶುರುಮಾಡಿದ್ದೆ.

"ನೀರು ಬಿದ್ದಿಲ್ಲ" ಎಂದರು ಮೇಸ್ತ್ರಿ. "ಮಂಡಿ ಹತ್ರ ನಾನೇ ಸಡಿಲ ಬಿಟ್ಟಿದ್ದೀನಿ ಡಾಕ್ಟ್ರಮ್ಮ. ಮಂಡಿ ಪೂರ್ತಿ ಮಡಚಿಲ್ಲ, ಅದಕ್ಕೇ ಜಾರಿದೆ. ಕೈ ಇಲ್ಲಿತ್ತು, ಬಾಯಿ ಬಾಗಿಲಲ್ಲಿತ್ತು. ಫೈಲಲ್ಲಿ ಹಾಗೇ ಬರ್ಕೊಳ್ಳಿ."

ಡಾಕ್ಟ್ರಮ್ಮ ಅವರನ್ನು ಒಂದು ಕ್ಷಣ ನೋಡಿ, ಬರೆದುಕೊಂಡರು. ನೀರು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನೂ ಒಪ್ಪಿಕೊಳ್ಳುತ್ತಿದ್ದೆ, ಒಪ್ಪಿಕೊಂಡು ಜನ್ಮವಿಡೀ ಕೊರಗುತ್ತಿದ್ದೆ. ತನ್ನ ತಪ್ಪನ್ನು ಅಷ್ಟು ಚೊಕ್ಕವಾಗಿ, ಪಟ್ಟಿ ಬಿಚ್ಚಿದ ಹಾಗೆಯೇ ಬಿಚ್ಚಿಟ್ಟ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರ ಒಂದು ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು.

"ಗುರುವಾರದವರೆಗೆ ಬಿಟ್ಟಿದ್ರೆ ಕಷ್ಟ ಆಗ್ತಿತ್ತು" ಎಂದರು ಡಾಕ್ಟ್ರಮ್ಮ. "ಈಗ ಏನೂ ಕೆಟ್ಟಿಲ್ಲ. ಊತ ಇಳೀಲಿ, ಗುರುವಾರ ಮತ್ತೆ ಹಾಕೋಣ. ಒಂದು ವಾರ ಹೆಚ್ಚಾಯ್ತು, ಅಷ್ಟೇ."

ಅವರು ಹೋದ ಮೇಲೆ ಮೇಸ್ತ್ರಿ ಕೈ ಒರೆಸಿಕೊಂಡು ನನ್ನ ಪುಸ್ತಕ ಕೇಳಿದರು. ಬೆಂಚಿನ ಮೇಲೆ ಕುಳಿತು ಮೊದಲ ಪುಟದಿಂದ ಓದಿದರು. ಐದು. ಗುಲಾಬಿ. ಬೆಚ್ಚಗಿದೆ. ಐದು. ಗುಲಾಬಿ. ಬೆಚ್ಚಗಿದೆ. 'ಅರ್ಧ' ಎಂಬಲ್ಲಿ ಬೆರಳಿಟ್ಟು ನಿಂತರು.

"ಇದನ್ನ ನೋಡಿದ ದಿನಾನೇ ಯಾಕೆ ಬರ್ಲಿಲ್ಲ ತಾಯಿ?"

"ನೀವು ನಗ್ತೀರಿ ಅಂತ."

ಅವರು ಪುಸ್ತಕ ಮುಚ್ಚಿ, "ಬರೀ ಪ್ರಶ್ನೆಪತ್ರಿಕೆ ಅಂದ್ಕೊಂಡಿದ್ದೆ. ಉತ್ತರಾನೂ ಇದರಲ್ಲೇ ಇತ್ತು" ಎಂದರು. ಬಗ್ಗಿ ನನ್ನ ಮಗಳ ಪಾದ ಮುಟ್ಟಿ ಅವಳಿಗೇ ಹೇಳಿದರು, "ತಪ್ಪಾಯ್ತು ಕಣೇ ಪುಟ್ಟಿ." ಏಳುತ್ತಾ ಇನ್ನೊಂದು ಮಾತು ಸೇರಿಸಿದರು: "ನಮ್ಮ ಹಳೇದ್ರಲ್ಲಿ ತಾಯಂದಿರು ಏನೂ ಕೇಳ್ತಿರ್ಲಿಲ್ಲ, ನೀವು ಹೇಳಿದ್ದು ನಿಜ. ಕೇಳ್ಬೇಕಿತ್ತು."

ಮುಂದಿನ ಗುರುವಾರ ಬೆಂಚು ಎಂದಿನಂತೆ ಕಾದ ಹೆಂಚಾಗಿತ್ತು. ಹಿಂದಿನ ಸಂಜೆ ಹೊಸ ಸೀರಿಯಲ್ಲಿನ ಡಾಕ್ಟರ್ ಮಗಳು ಅಮ್ಮನ ಹಳೆಯ ನರ್ಸ್ ಟೋಪಿಯನ್ನು ಕಂಡುಹಿಡಿದಿದ್ದಳು. ಅಜ್ಜಿ ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಬಾಗಿಲಿಗೆ ಬಂದು ನಿಂತರು.

"ಎಲ್ಲರೂ ಕೇಳಿ. ಇವತ್ತಿಂದ ಪ್ಲಾಸ್ಟರ್ ಹಸಿ ಇರೋ ತನಕ ಸೀರಿಯಲ್ ಇಲ್ಲ. ಹಳೇದೂ ಇಲ್ಲ, ಹೊಸದೂ ಇಲ್ಲ."

"ಅಯ್ಯೋ, ಟೋಪಿ ವಿಷಯ ಮಾತ್ರ..." ಎಂದರು ಅಜ್ಜಿ.

"ಟೋಪಿನೂ ಇಲ್ಲ."

ಕಂಡಕ್ಟರ್ ಕೂಡ ಉಸಿರೆತ್ತಲಿಲ್ಲ. ಅಂದು ಮೊದಲ ಸಲ ಬಕೆಟ್ಟಿನಲ್ಲಿ ಗುಳ್ಳೆ ಒಡೆಯುವ ಸದ್ದು ನನಗೆ ಕೇಳಿಸಿತು. ಮೇಸ್ತ್ರಿ ಮಂಡಿಯನ್ನು ಮಡಚಿ, ಅಂಗೈಯಲ್ಲಿ ಒತ್ತಿ ಹಿಡಿದು, ಪ್ಲಾಸ್ಟರ್ ಗಟ್ಟಿಯಾಗುವವರೆಗೂ ಅಲ್ಲಾಡಲಿಲ್ಲ.

ಮಗಳಿಗೆ ಈಗ ಹನ್ನೊಂದು ತಿಂಗಳು. ಪ್ಲಾಸ್ಟರುಗಳು ಮುಗಿದು, ಬಿಗಿದ ನರ ಸಡಿಲಿಸಲು ಡಾಕ್ಟ್ರಮ್ಮ ಹಿಮ್ಮಡಿಯ ಮೇಲೆ ಕೊಯ್ದ ಪುಟ್ಟ ಗಾಯವೂ ಮಾಗಿ, ಮಲಗುವಾಗ ಮಾತ್ರ ತೊಡಿಸುವ, ನಡುವೆ ಕಂಬಿ ಜೋಡಿಸಿದ ಬೂಟಿಗೆ ಬಂದು ನಿಂತಿದ್ದೇವೆ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇವೆ. ಹೋದ ಗುರುವಾರ ಅವಳು ಅದೇ ಬೆಂಚಿನ ಅಂಚು ಹಿಡಿದು, ಬರಿಗಾಲಿನಲ್ಲಿ, ಎರಡೂ ಪಾದ ನೆಲಕ್ಕೂರಿ ನಿಂತಿದ್ದಳು. ನಾನು ಅಭ್ಯಾಸಬಲದಿಂದ ಬೆರಳು ಎಣಿಸುತ್ತಿದ್ದೆ.

ಪಕ್ಕದಲ್ಲಿ ಎಳೆಗೂಸನ್ನು ಅವಚಿಕೊಂಡು ಕುಳಿತಿದ್ದ ಹೊಸ ತಾಯಿ ಸುತ್ತ ನೋಡಿ ಪಿಸುಗುಟ್ಟಿದಳು, "ಯಾಕ್ರೀ ಯಾರೂ ಮಾತಾಡ್ತಿಲ್ಲ? ಒಳಗೆ ಏನಾದ್ರೂ ಆಗಿದೆಯಾ?"

"ಏನೂ ಇಲ್ಲಮ್ಮ" ಎಂದೆ. "ಹಸಿ ಇದೆ."

ಒಳಗಿನಿಂದ ಬೆರಳ ಗೆಣ್ಣಿನಲ್ಲಿ ಪ್ಲಾಸ್ಟರ್ ಕುಟ್ಟಿದ ಸದ್ದು ಬಂತು, ಟಕ್ ಟಕ್, ಗಟ್ಟಿ. ಆಮೇಲೆ ಮೇಸ್ತ್ರಿಯ ದನಿ:

"ಬೆರಳು ಕಾಣಬೇಕು, ನೆನಪಿರ್ಲಿ. ಹ್ಞಾ, ಈಗ ಹೇಳಿ. ನಿನ್ನೆ ಏನಾಯ್ತು?"

ಇಡೀ ಬೆಂಚು ಒಮ್ಮೆಗೇ ಬಾಯಿ ತೆರೆಯಿತು.