ಎಂಟು ದಿನ ಕೇಳಿದ ದೊಡ್ಡಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಹಳೆಯ ಕಂಪ್ಯೂಟರ್, ನಡುವೆ ಒಂದು ನೀಲಿ ಕೇಬಲ್. ಒಂದು ಯಂತ್ರ ಇನ್ನೊಂದನ್ನು ಸಂಪರ್ಕಿಸಲು ಹೊರಡುತ್ತದೆ. ಅದು ಅರ್ಧ ದಾರಿಯಲ್ಲಿರುವಾಗಲೇ ದೊಡ್ಡಕ್ಕ ಒಂದು ಕೀಲಿ ಒತ್ತಿ ತಡೆಯುತ್ತಾರೆ. ಏನಾಯಿತೆಂದು ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕುತ್ತಾರೆ. ಕಚೇರಿಗೆ ಹೊರಡುವಷ್ಟರಲ್ಲಿ ಇನ್ನೂರು ಗೀಟು ಆಗಬೇಕು. ಗಡಿಯಾರ ರಿಪೇರಿ ಮಾಡುವ ಗಂಡ, ಕಾಫಿ ಲೋಟ ಇಡಲು ಜಾಗ ಹುಡುಕುತ್ತಾ ನಿಂತಿದ್ದಾರೆ. "ಇವಳ ಕೆಲಸ ಏನು ಅಂತ ನೆಂಟರು ಕೇಳಿದ್ರೆ ಕಂಪ್ಯೂಟರ್ ರಿಪೇರಿ ಅಂದ್ಬಿಡ್ತೀನಿ. ನಿಜ ಹೇಳೋಕೆ ಹೋದ್ರೆ ಊಟ ಆರಿಹೋಗುತ್ತೆ," ಎಂದು ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ.

ನಿಜ ಇಷ್ಟೇ. ಪ್ರೋಗ್ರಾಮುಗಳು ತಾವಾಗಿಯೇ ದೂರದ ಯಂತ್ರದೊಂದಿಗೆ ಮಾತಾಡಲಾರವು. ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿಕೊಳ್ಳಬೇಕು. ಈ ಕೇಳಿಕೆಗೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ಹೇಗೆ ಕೇಳಬೇಕು, ಏನು ಉತ್ತರ ಸಿಗಬೇಕು ಎಂದು ಗೊತ್ತುಮಾಡುವುದು, ಕಚೇರಿಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುವ ಈ ಐವತ್ತೆಂಟರ ಹೆಂಗಸಿನ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಮೂವತ್ತೊಂದು ಕಾಲ್ ರೂಪಿಸಿದ್ದಾರೆ. ಯಾವುದರಲ್ಲೂ ಅವರ ಹೆಸರಿಲ್ಲ. ಕಷ್ಟವೆಲ್ಲ ಇರುವುದು ಸಿಗ್ನಲ್ ಬಂದಾಗ, ಅಂದರೆ 'ಕೈಲಿರುವುದನ್ನು ಬಿಡು, ಮೊದಲು ಇದನ್ನು ನೋಡು' ಎಂಬ ತುರ್ತು ಸೂಚನೆ ನಡುವೆ ನುಗ್ಗಿದಾಗ.

"ಒಲೆ ಮೇಲೆ ಹಾಲಿಟ್ಟಿದ್ದೀರಿ, ಯಾರೋ ಬಾಗಿಲು ಬಡಿದ್ರು. ಹೋಗಿ ಬಂದ್ಮೇಲೆ ಹಾಲು ಏನಾಗಿದೆ ಅಂತ ನೋಡ್ಬೇಕಲ್ವಾ? ನಾನು ಮಾಡಿದ ಮೊದಲನೇ ಕಾಲ್ ನೋಡ್ತಿರಲಿಲ್ಲ. ಹಾಲು ಇಟ್ಟೇ ಇಲ್ಲ ಅಂತಿತ್ತು."

ಅದು ಸಂಪರ್ಕ ಮಾಡಿ ಮೊದಲ ಸಂದೇಶವನ್ನೂ ಮುಟ್ಟಿಸುವ ಕಾಲ್. ನಡುವೆ ಸಿಗ್ನಲ್ ಬಂದರೆ ಸಂದೇಶ ಹೋಗಿ ಮುಟ್ಟಿರುತ್ತಿತ್ತು, ಉತ್ತರ ಮಾತ್ರ 'ಆಗಲಿಲ್ಲ'. ಬಿಡುಗಡೆಗೆ ಮುನ್ನವೇ ಇದನ್ನು ಕಂಡುಹಿಡಿದವರೂ ದೊಡ್ಡಕ್ಕನೇ. ತಿದ್ದಲು ಎಂಟು ದಿನ ಕೇಳಿದರು. "ತಾರೀಖು ಹೇಳಿಯಾಗಿದೆಯಮ್ಮ, ಮುಂದಿನ ಸಲ ನೋಡೋಣ," ಎಂದರು ಮ್ಯಾನೇಜರ್. ಮುಂದಿನ ಸಲದ ಹೊತ್ತಿಗೆ ಸಾವಿರಾರು ಪ್ರೋಗ್ರಾಮುಗಳು ಆ ತಪ್ಪು ಉತ್ತರಕ್ಕೇ ಒಗ್ಗಿಹೋಗಿದ್ದವು. ತಿದ್ದಿದರೆ ಅವು ಕೆಡುತ್ತವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆರು ವರ್ಷದ ಹಿಂದೆ ಆಂಬುಲೆನ್ಸ್ ಕಚೇರಿಯೊಂದರಲ್ಲಿ ಹೀಗೇ 'ಆಗಲಿಲ್ಲ' ಎಂಬ ಉತ್ತರ ಬಂತು. ಪ್ರೋಗ್ರಾಮು ಮತ್ತೊಮ್ಮೆ ಕಳಿಸಿತು. ಎರಡೂ ಸಂದೇಶ ಮುಟ್ಟಿ ಒಂದೇ ಮನೆಗೆ ಎರಡು ಗಾಡಿ ಹೋದವು. ಪಕ್ಕದ ಬೀದಿಯಲ್ಲಿ ಎದೆನೋವು ಬಂದ ಮುದುಕರೊಬ್ಬರು, ಬೇರೆ ಗಾಡಿ ಉಳಿದಿಲ್ಲದೆ, ನಲವತ್ತು ನಿಮಿಷ ಕಾದು ತೀರಿಕೊಂಡರು. ತನಿಖೆ ನಡೆದು ಕೆಲಸ ಕಳೆದುಕೊಂಡದ್ದು ಅಂದು ಫೋನಿನಲ್ಲಿ ಕೂತಿದ್ದ ಹುಡುಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮ್ಯಾನೇಜರ್ ಈಗ ಕಂಪನಿಯ ಉಪಾಧ್ಯಕ್ಷರು. ಕೇಳಿದ ನನಗೇ ಮೈ ಉರಿಯುತ್ತದೆ. ದೊಡ್ಡಕ್ಕ ಕೇಬಲ್ಲನ್ನು ಸುತ್ತಿಡುತ್ತಾ ಹೇಳುತ್ತಾರೆ: "ತಪ್ಪು ನಂದು, ಆ ಹುಡುಗೀದಲ್ಲ ಅಂತ ತನಿಖೆಯವರಿಗೆ ಕಾಗದ ಬರೆದೆ. ನಮ್ಮ ಕಂಪನಿ ವಕೀಲರು ಕಳಿಸೋಕೆ ಬಿಡ್ಲಿಲ್ಲ. ನಾನೂ ಸುಮ್ನಾಗ್ಬಿಟ್ಟೆ. ಮಗಳ ಓದಿತ್ತು, ಕೆಲಸ ಬೇಕಿತ್ತು. ಅದನ್ನೂ ಬರೀರಿ."

ಈ ತಿಂಗಳ ಕೊನೆಗೆ ನಿವೃತ್ತಿ. ದಿನಾ ಇನ್ನೂರು ಗೀಟು ಹಾಕಿ ಪರೀಕ್ಷಿಸುತ್ತಿರುವ ಹೊಸ ಕಾಲ್ ಸುಳ್ಳು ಹೇಳುವುದಿಲ್ಲ. ಆದರೆ ಹಳೆಯದೂ ಉಳಿಯುತ್ತದೆ. ಅದರ ಕೈಪಿಡಿಗೆ ಒಂದು ಎಚ್ಚರಿಕೆ ಸೇರಿಸಬೇಕೆಂದು ಮೂರು ಸಲ ಬರೆದುಕೊಟ್ಟಿದ್ದಾರೆ. ತಪ್ಪೊಪ್ಪಿಕೊಂಡ ಹಾಗಾಗುತ್ತದೆಂದು ವಕೀಲರು ಮೂರು ಸಲವೂ ಹೊಡೆದುಹಾಕಿದ್ದಾರೆ.

ಅದನ್ನು ನಾವೇ ಅಚ್ಚು ಹಾಕುತ್ತೇವೆ ಎನ್ನುತ್ತೇನೆ. ಅವರು ನಿಧಾನವಾಗಿ ಹೇಳಿ ಬರೆಸುತ್ತಾರೆ: "ಈ ಕಾಲ್ 'ಆಗಲಿಲ್ಲ' ಎಂದರೆ ನಂಬಬೇಡಿ. ಆಗಿರಬಹುದು. ಮತ್ತೆ ಕಳಿಸುವ ಮೊದಲು ವಿಚಾರಿಸಿ."

ಬರೆದದ್ದನ್ನು ಎರಡು ಸಲ ಓದಿಸಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ, "ನಿಮ್ಮ ಪೇಪರ್ ಆ ಹುಡುಗಿ ಓದ್ತಾಳಾ?"

"ಓದಬಹುದು."

"ಹಾಗಾದ್ರೆ ನನ್ನ ಫೋಟೋ ಬೇಡ. ಆ ಜಾಗದಲ್ಲಿ 'ತಪ್ಪು ನಿಂದಲ್ಲಮ್ಮ' ಅಂತ ಹಾಕಿ. ಹೊಡೆದುಹಾಕೋಕೆ ನಿಮ್ಮಲ್ಲಿ ವಕೀಲರಿಲ್ಲ ತಾನೇ?"