ಬೆಲ್ಲದ ಮೇಸ್ತ್ರಿ

ಸಿದ್ದಣ್ಣನ ಅಂಗಿಯ ಜೇಬಿನಲ್ಲಿ ಸದಾ ಇರುವೆಗಳಿರುತ್ತಿದ್ದವು. ಅದರಲ್ಲಿ ಸದಾ ಒಂದುಂಡೆ ಬೆಲ್ಲವಿರುತ್ತಿದ್ದುದೇ ಕಾರಣ. ಮಾತಿನ ನಡುವೆ ಇರುವೆಯೊಂದು ಕಾಲರ್ ಹತ್ತಿ ಕುತ್ತಿಗೆಗೆ ಬಂದರೆ ಎರಡು ಬೆರಳಲ್ಲಿ ಹಿಡಿದು ಕೆಳಗೆ ಬಿಟ್ಟು, ಅದೇ ಬೆರಳಲ್ಲಿ ಬೆಲ್ಲ ಮುರಿದು ನಮ್ಮ ಕೈಗಿಡುತ್ತಿದ್ದ.

ಕನಕಪುರದ ಹೊರಗೆ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಫ್ಯಾಕ್ಟರಿ ನಮ್ಮದು. ನಮ್ಮದು ಅಂದರೆ ಓನರ್‌ದು. ಸಿದ್ದಣ್ಣ ಅಲ್ಲಿ ಮೇಸ್ತ್ರಿ, ನಾನು ಎಲೆಕ್ಟ್ರಿಷಿಯನ್. ಸಂಜೆಯ ಹೊತ್ತಿಗೆ ನಾವೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದೆವು. ಆಗ ಸಿದ್ದಣ್ಣ ಬೆಲ್ಲದ ಡಬ್ಬ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ, ತೀರ್ಥ ಕೊಡುವ ಪೂಜಾರಿಯ ಗತ್ತಿನಲ್ಲಿ.

"ತಿನ್ರಲಾ. ಬೆಲ್ಲ ಒಳೀಕ್ ಹೋಗಿ ಧೂಳ್ನ ಹಿಡ್ಕತದೆ, ಬೆಳಿಗ್ಗೆ ಆಚೀಕ್ ತಳ್ತದೆ. ನಮ್ಮಪ್ಪ ಬೀಸೋಕಲ್ಲು ಕಡೀತಿದ್ದ. ಬೆಲ್ಲ ತಿಂದೇ ಬದುಕಿದ್ದು."

ಅವರಪ್ಪ ಎಷ್ಟು ದಿನ ಬದುಕಿದ್ದನೆಂದು ಯಾರೂ ಕೇಳಲಿಲ್ಲ. ಮಗನ ಮದುವೆ ನೋಡುವಷ್ಟಂತೂ ಬದುಕಿರಲಿಲ್ಲ.

"ಗಂಟಲಲ್ಲಿ ಇಳಿದ ಬೆಲ್ಲ ಶ್ವಾಸಕೋಶಕ್ಕೆ ಹೆಂಗಣ್ಣ ಹೋಯ್ತದೆ?" ಎಂದು ನಾನೊಮ್ಮೆ ಕೇಳಿದೆ.

"ಲೇ ಕರೆಂಟು, ನಿನ್ ವೈರು ನೀನ್ ನೋಡ್ಕೊ. ಒಳಗೆಲ್ಲ ಒಂದೇ ಲೈನು ಕಣ್ಲಾ."

ಯಾರಾದರೂ ಮಾಸ್ಕ್ ಹಾಕಿಕೊಂಡರೆ ಮುಗಿಯಿತು. "ಏನ್ಲಾ, ಎತ್ತಿನಂಗೆ ಬಾಯ್ಕುಕ್ಕೆ ಕಟ್ಕಂಡಿದ್ದೀಯ? ಯಾರ್ ಪೈರು ಮೇಯ್ದುಬುಟ್ಟೆ?" ಅವನು ನಾಚಿ ಬಿಚ್ಚುವವರೆಗೂ ಬಿಡುತ್ತಿರಲಿಲ್ಲ.

ಓನರ್‌ಗೆ ಈ ಬೆಲ್ಲವೈದ್ಯ ಬಹಳ ಹಿಡಿಸಿತ್ತು. ಕೊಯ್ಯುವ, ಉಜ್ಜುವ ಕಡೆಯೆಲ್ಲ ನೀರು ಹರಿಸಿದರೆ ಧೂಳು ಬಹುಪಾಲು ಅಲ್ಲೇ ಕೂರುತ್ತದೆ. ಪೈಪು ಎಳೆದು ಮೋಟರ್ ಕೂರಿಸಿದವನೂ ನಾನೇ. ಆದರೆ ಮೋಟರ್ ಓಡಿದರೆ ಕರೆಂಟು ಬಿಲ್ಲು, ನೆಲವೆಲ್ಲ ಕೆಸರು. ಬೆಲ್ಲಕ್ಕೆ ಆ ತಾಪತ್ರಯ ಇಲ್ಲ. ಹಾಗಾಗಿ ತಪಾಸಣೆಗೆ ಅಧಿಕಾರಿಗಳು ಬಂದ ದಿನ ಮಾತ್ರ ನಮ್ಮಲ್ಲಿ ಮಳೆಗಾಲ. ಅವರು ಜೀಪು ಹತ್ತುವಷ್ಟರಲ್ಲಿ ಮತ್ತೆ ಬೇಸಿಗೆ.

ಸಿದ್ದಣ್ಣನಿಗೆ ಮೊದಲು ಕೆಮ್ಮು ಬಂತು, ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಿದರೂ ಏದುಸಿರು. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ತಲೆ ಎತ್ತದೆಯೇ, "ಬೀಡಿ ಎಷ್ಟು ವರ್ಷದಿಂದ?" ಎಂದರು.

"ಮುಟ್ಟಿಲ್ಲ ಸಾ."

"ಎಲ್ಲರೂ ಹಾಗೇ ಹೇಳೋದು."

ಕುಡಿತ ಕೇಳಿದರು, ಊರು ಕೇಳಿದರು. ಏನು ಕೆಲಸ ಎಂದು ಮಾತ್ರ ಕೇಳಲಿಲ್ಲ. ನಾನು ಹೇಳಲು ಬಾಯಿ ತೆರೆದರೆ "ಪೇಷಂಟ್ ನೀವಾ?" ಎಂದರು. ಎಕ್ಸ್‌ರೇಯಲ್ಲಿ ಚುಕ್ಕೆಗಳು ಕಂಡವು. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯದ ಮಾತ್ರೆ ಶುರುವಾಯಿತು. ಕೋರ್ಸು ಮುಗಿಯಿತು, ಚುಕ್ಕೆಗಳು ಹೆಚ್ಚಾದವು. ಮತ್ತೆ ಅದೇ ಕೋರ್ಸು. ನಡುವೆ ಶುಗರ್ ಬೇರೆ ಪತ್ತೆಯಾಗಿ, ಡಾಕ್ಟರು ಬೆಲ್ಲ ಬಿಡಿಸಿದರು.

"ನೋಡ್ದೇನ್ಲಾ, ಇದ್ದ ಒಂದ್ ಔಸ್ದೀನೂ ಕಿತ್ಕಂಡ್ರು" ಎಂದು ದಾರಿಯುದ್ದಕ್ಕೂ ಗೊಣಗಿದ.

ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎದೆರೋಗದ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಏನ್ ಕೆಲಸ ಮಾಡ್ತೀರಿ ಯಜಮಾನ್ರೇ?" ಅಂತ. ಸ್ಕ್ಯಾನ್ ನೋಡಿ ಹೇಳಿದರು: "ಇದು ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನ ಗಟ್ಟಿ ಮಾಡ್ಬಿಟ್ಟಿದೆ. ಕರಗಿಸೋ ಔಷಧಿ ಇಲ್ಲ. ಉಸಿರು ಒಸಿ ಹಗುರ ಆಗೋಕೆ ಇನ್‌ಹೇಲರ್ ಕೊಡ್ತೀನಿ, ಮುಂದೆ ಆಕ್ಸಿಜನ್ ಬೇಕಾಗಬಹುದು. ಆ ಧೂಳಿಗೆ ಮಾತ್ರ ವಾಪಸ್ ಹೋಗಬೇಡಿ."

ಸಿದ್ದಣ್ಣ ಖಾಲಿ ಜೇಬು ತಡವಿಕೊಂಡು, "ಬೆಲ್ಲ?" ಎಂದ.

ಆಕೆ ನಗಲಿಲ್ಲ. "ಅದು ಹೊಟ್ಟೆಗೆ ಹೋಗುತ್ತೆ ಯಜಮಾನ್ರೇ."

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡೇ ಕೂತಿದ್ದ. ಹಾರೋಹಳ್ಳಿ ದಾಟಿದ ಮೇಲೆ ಬಾಯಿ ಬಿಟ್ಟ: "ಎಲ್ರುಗೂ ನನ್ ಕೈಯಾರೆ ತಿನ್ಸ್‌ಬುಟ್ನಲ್ಲೋ ಕರೆಂಟು." ನನಗೆ ಅಳು ಬಂತು. ಅತ್ತರೆ ಬೈಯುತ್ತಾನೆಂದು ತಡೆದುಕೊಂಡೆ.

ಮುಂದಿನ ವಾರ ಒಂದು ಸಂಜೆ, ಸರಿಯಾಗಿ ಬೆಲ್ಲದ ಹೊತ್ತಿಗೆ ಫ್ಯಾಕ್ಟರಿಗೆ ಬಂದ. ಡಾಕ್ಟರಮ್ಮ ಹೋಗಬೇಡವೆಂದಿದ್ದ ಧೂಳಿಗೇ ಬಂದ. ತನ್ನ ಜಾಗಕ್ಕೆ ಬಂದಿದ್ದ ಹೊಸ ಮೇಸ್ತ್ರಿಯ ಕೈಯಿಂದ ಡಬ್ಬ ಕಿತ್ತು ನೆಲಕ್ಕೆ ಸುರಿದ. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದ: "ನಾನ್ ಹೇಳಿದ್ದು ಸುಳ್ಳು ಕಣ್ರಲಾ... ಇದು ಇರುವೆಗೆ. ನೀವು ನೀರ್ ಬುಡದೆ... ಮಿಷನ್ ಮುಟ್‌ಬ್ಯಾಡಿ, ಬಡ್ಡೆತ್ತವಾ." ತನ್ನ ಜನ್ಮದಲ್ಲಿ ತಪ್ಪೊಪ್ಪಿಕೊಂಡಿದ್ದು ಅದೊಂದೇ ಸಲ, ಅದನ್ನೂ ನಮ್ಮನ್ನು ಬೈದೇ ಒಪ್ಪಿಕೊಂಡ.

ಮರುದಿನ ಯಾರೂ ಮಿಷನ್ ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಓನರ್ ಮುಖ ಗಂಟಿಕ್ಕಿಕೊಂಡು, "ಹಾಕಯ್ಯ ಮೋಟರು" ಎಂದರು. ನೀರು ಬಂತು, ಬೆಲ್ಲ ನಿಂತಿತು. ಎರಡೆರಡು ಸೌಲಭ್ಯ ಕೊಡಲು ಅವರೇನು ಧರ್ಮಛತ್ರ ನಡೆಸುತ್ತಿದ್ದಾರೆಯೇ?

ಸಿದ್ದಣ್ಣ ಯುಗಾದಿಗೆ ಮುಂಚೆಯೇ ಹೋಗಿಬಿಟ್ಟ. ತಿಥಿಯ ದಿನ ಓನರ್ ದೊಡ್ಡ ಹಾರ ತಂದು ಫೋಟೊಗೆ ಹಾಕಿ, ಅವನ ಹೆಂಡತಿ ಪುಟ್ಟಮ್ಮನಿಗೆ ಸಮಾಧಾನ ಹೇಳಿದರು: "ಬೆಲ್ಲ ತಿಂತಿದ್ದಕ್ಕೇ ಕಣಮ್ಮ, ಇಷ್ಟು ದಿನವಾದ್ರೂ ಇದ್ದ."

ಪುಟ್ಟಮ್ಮ ಒಳಗೆ ಹೋಗಿ ಒಂದುಂಡೆ ಬೆಲ್ಲ ತಂದು ಅವರ ಕೈಗಿಟ್ಟರು. "ತಕ್ಕಳಿ ಸಾ. ನಾಳೆಯಿಂದ ನೀವೂ ಒಸಿ ಆ ಧೂಳಲ್ಲಿ ನಿಂತ್ಕಂಡು ತಿನ್ನಿ."

ಓನರ್ ಎಲ್ಲರ ಮುಖ ನೋಡಿದರು. ಎಸೆಯಲೂ ಆಗದೆ, ತಿನ್ನಲೂ ಆಗದೆ ಅದನ್ನು ತಮ್ಮ ಬಿಳಿ ಅಂಗಿಯ ಜೇಬಿಗೆ ಹಾಕಿಕೊಂಡು ಕಾರು ಹತ್ತಿದರು. ಇರುವೆ ಹತ್ತಲಪ್ಪ ಎಂದು ನಾನು ಸಿದ್ದಣ್ಣನ ಫೋಟೊಗೆ ಕೈಮುಗಿದೆ.