ಹಿಡಿದರೆ ಹಿಡಿಯಿತು ಬ್ರೇಕು

ಸ್ನೇಹಿತರೇ, ಜಪಾನಿನ ತ್ಸುಕುಬಾದಲ್ಲಿ ಈಗಷ್ಟೇ ಒಂದು ಮಹಾಯುದ್ಧ ಮುಗಿಯಿತು. ಕಾರಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಕ್ಯಾಂಪಿಂಗ್ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕು ಒಮ್ಮೆ ಹಿಡಿಯುತ್ತಿತ್ತು, ಇನ್ನೊಮ್ಮೆ ಟ್ರೇಲರೇ ಕಾರನ್ನು ದಬ್ಬುತ್ತಿತ್ತು.

"ಇದು ಸರಿಯಾಗೋವರೆಗೂ ನಾನು ಟ್ರಿಪ್ಪಿಗೆ ಬರಲ್ಲ" ಎಂದೆ.

ಇಲ್ಲಿಯವರ ಹಾಗೆ ಮರ್ಯಾದೆ ಕೊಟ್ಟು ಹೇಳುವುದಾದರೆ ನಮ್ಮ ಮನೆಯ ಇಂಜಿನಿಯರ್ ಸಾನ್, ಅಂದರೆ ನನ್ನ ಗಂಡ, ಬೆಳಗಿನಿಂದ ಬ್ಯಾಟರಿ, ವೈರು ಎಲ್ಲ ಬಿಚ್ಚಿ ಪರೀಕ್ಷಿಸಿದರು. ಕೊನೆಗೆ ಕಾರಿಗೂ ಟ್ರೇಲರಿಗೂ ನಡುವಿನ ಪ್ಲಗ್ ಕಿತ್ತು ನೋಡಿದರೆ, ಪಿನ್ನುಗಳ ಮೇಲೆ ಅರಿಶಿನ ಕುಂಕುಮ! ಮೊನ್ನೆ ವಾಹನ ಪೂಜೆಯಲ್ಲಿ ಇವರೇ ಎಣ್ಣೆಯಲ್ಲಿ ಕಲಸಿ ಭಕ್ತಿಯಿಂದ ಮೆತ್ತಿದ್ದು. ಕರೆಂಟಿಗೆ ಅಡ್ಡ ಬರುತ್ತಿದ್ದ ಅದನ್ನು ಒರೆಸಿದ ಮೇಲೆ ಬ್ರೇಕು ಪ್ರತಿಸಲವೂ ಹಿಡಿಯಿತು.

"ಪೂಜೆ ಅಳಿಸಿಹೋಯ್ತಲ್ಲೇ, ಇನ್ನೊಂಚೂರು ಹಚ್ಲಾ?" ಎಂದು ಕೇಳಿದರು.

"ಬನ್ನಿ, ನಿಮ್ಮ ಹಣೆಗೇ ಹಚ್ತೀನಿ. ಅಲ್ಲಂತೂ ಕರೆಂಟ್ ಹರಿಯಲ್ಲ" ಎಂದೆ.